ಊರಿನವರೆಂಬ ಸಲಿಗೆ

ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ನಾಯಿಕೊಡೆಯಂತೆ ಏಳುತ್ತಿದ್ದ ಕಾಲದಲ್ಲಿ, ಅವುಗಳ ಹಿಂದಿನ ಗಲ್ಲಿಯಲ್ಲಿ ಶಿವದೇವಿ ಆಪ್ತಸಲಹೆಯ ಕೋಣೆ ತೆರೆದಿದ್ದಳು. ಸೇಡಂ ಕಡೆಯವಳು, ಲಗ್ನವಾಗಿ ಈ ತೆಲುಗು ಮಹಾನಗರದ ಸನತ್‌ನಗರಕ್ಕೆ ಬಂದವಳು. ಕಾರ್ಖಾನೆ ಮುಚ್ಚಿದ ಮೇಲೆ ಗಂಡ ಮಾತು ಬಿಟ್ಟ. ಡಾಕ್ಟರು ಹಿಂದಿಯಲ್ಲಿ ಕೇಳಿದರೆ ತಲೆಯಾಡಿಸುತ್ತಿದ್ದ, ತೆಲುಗಿನಲ್ಲಿ ಕೇಳಿದರೆ ಸುಮ್ಮನೆ ನಗುತ್ತಿದ್ದ. ಕನ್ನಡದಲ್ಲಿ ಕೇಳಬೇಕಾದ ಶಿವದೇವಿಗೆ, ಅವನು ಏನು ಹೇಳಿಬಿಡುತ್ತಾನೋ ಎಂಬ ಹೆದರಿಕೆ. ಕಡೆಗೆ ಅವನು ರೈಲಿಗೆ ತಲೆ ಕೊಟ್ಟ. ಆ ಸಂಕಟಕ್ಕೇ ಅವಳು ಮನಃಶಾಸ್ತ್ರ ಓದಿದ್ದು.

ನೌಕರಿ ಹೋದವರು, ಮದುವೆ ಮುರಿದವರು ಬಂದರೆ ಉಪದೇಶದ ಮಾತೇ ಇಲ್ಲ. "ಯಾವೂರ್ರಿ ನಿಮ್ದು?" ಎಂದೇ ಶುರು. ಸ್ಟ್ರೆಸ್ಸು, ಸ್ಟ್ರೆಸ್ಸು ಎಂದು ಇಂಗ್ಲಿಷಿನಲ್ಲಿ ಒದರುತ್ತಿದ್ದವರು ತಮ್ಮ ಓಣಿ, ತಮ್ಮ ಅವ್ವ ಅನ್ನುವಷ್ಟರಲ್ಲಿ ಅತ್ತುಬಿಡುತ್ತಿದ್ದರು. ಅತ್ತ ಮೇಲೆ ಮುಂದಿನ ದಾರಿಯನ್ನು ಅವರೇ ಹುಡುಕಿಕೊಳ್ಳುತ್ತಿದ್ದರು.

ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡು ಕೆಲಸ ಬಿಟ್ಟಿದ್ದ ಕೃಪಾ, ಮತ್ತೆ ಆಫೀಸಿಗೆ ಹೋಗುವ ಧೈರ್ಯ ಬೇಕೆಂದು ಮನೆಯವರಿಗೆ ತಿಳಿಯದಂತೆ ಬರುತ್ತಿದ್ದಳು.

"ಗೊತ್ತಾದ್ರ ಹುಚ್ಚು ಹಿಡಿದೈತಿ ಅಂತ ತವರಿಗೆ ಅಟ್ಟತಾರ್ರಿ ಅಕ್ಕಾರ" ಅಂದಿದ್ದಳು. ಅಂತೂ ಹೊಸ ಕೆಲಸ ಸಿಕ್ಕಿತು, ಮುಂದಿನ ವಾರ ಸೇರುವುದಿತ್ತು.

ಆಗಲೇ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಹಿರಿಯ ಹೆಂಗಸೊಬ್ಬಳು, "ಗಾಡಿ ಯಾವಾಗ ಬರ್ತೈತ್ರಿ?" ಎಂದು ಶಿವದೇವಿಯನ್ನು ಕೇಳಿದಳು. ದಿನವೆಲ್ಲ ಪರಭಾಷೆ ಕೇಳುವ ಕಿವಿಗೆ ಊರಿನ ಮಾತು ಬಿದ್ದರೆ ಯಾರ ಜೀವ ಹಿಗ್ಗುವುದಿಲ್ಲ ಹೇಳಿ! ಊರು, ಮನೆತನ, ಬೀಗರು ಎಲ್ಲ ಕೆದಕಿದ್ದಾಯಿತು. ಹೆಂಗಸು ಪಾರ್ವತಿಬಾಯಿ, ಚಿತ್ತಾಪುರದವಳು, ಈಗ ಮಗನ ಹತ್ತಿರ ಇಲ್ಲೇ ಇರುವವಳು.

"ನೀವೇನ್ ಮಾಡ್ತೀರಿ?"

"ಮನಸ್ಸಿಗೆ ಬ್ಯಾನಿ ಆದವ್ರ ಕೂಡ ಮಾತಾಡ್ತೀನ್ರಿ. ನಿಮ್ಮೂರ ಸೊಸಿನೂ ಒಬ್ಬಾಕಿ ಬರ್ತಾಳ. ಪಾಪ, ಕೂಸು ಹೋಗೇತಿ. ಈಗ ಭಾಳ ಗಟ್ಟಿ ಆಗ್ಯಾಳ, ಮುಂದಿನ ವಾರ ಕೆಲಸಕ್ಕ ಹೊಂಟಾಳ."

ಹೆಸರು ಹೇಳಲಿಲ್ಲ, ಪುಣ್ಯಾತಗಿತ್ತಿ. ಹೇಳುವ ಅಗತ್ಯವಾದರೂ ಏನಿತ್ತು? ಈ ಮಹಾನಗರದಲ್ಲಿ ಚಿತ್ತಾಪುರದ ಅಂಥ ಸೊಸೆಯರು ಎಷ್ಟು ಮಂದಿ ಇದ್ದಾರು? ಪಾರ್ವತಿಬಾಯಿಯ ಮುಖ ಬಿಗಿದುಕೊಂಡಿತು.

"ಆಕಿ ನನ್ನ ಸೊಸಿರಿ" ಅಂದಳು.

ಶಿವದೇವಿ ಕೈ ಮುಗಿದಳು, ಮನೆಯಲ್ಲಿ ಹೇಳಬೇಡಿರೆಂದು ಬೇಡಿಕೊಂಡಳು. ಪಾರ್ವತಿಬಾಯಿ ಕೈಚೀಲ ಎತ್ತಿಕೊಂಡು ಗಾಡಿ ಹತ್ತಿದಳು.

ಕೃಪಾ ಆಮೇಲೆ ಬರಲಿಲ್ಲ. ಶಿವದೇವಿ ಫೋನ್ ಮಾಡಿದರೆ ಕೃಪಾಳ ಗಂಡ ಶರಣಕುಮಾರ ಎತ್ತಿಕೊಂಡು, "ಊರಿಗೆ ಕಳಿಸೀವ್ರಿ. ಕೆಲಸಾನೂ ಬ್ಯಾಡ, ನಿಮ್ಮ ಔಷಧನೂ ಬ್ಯಾಡ" ಅಂದ. ಹಾಳು ಬಾಯಿಯನ್ನು ಕತ್ತರಿಸಿಕೊಳ್ಳಬೇಕೆನಿಸಿತು ಶಿವದೇವಿಗೆ.

ಎಷ್ಟೋ ದಿನದ ಮೇಲೆ ತವರಿನಿಂದ ಕೃಪಾಳೇ ಫೋನ್ ಮಾಡಿದಳು. ಶಿವದೇವಿ ತಪ್ಪಾಯಿತು ಅನ್ನಲು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

"ಬಯ್ಯಾಕ ಫೋನ್ ಮಾಡಿಲ್ರಿ ಅಕ್ಕಾರ. ಇಲ್ಲಿ ಎಲ್ಲಾರೂ ಏನಾತು, ಏನಾತು ಅಂತ ಕೇಳಾಕತ್ತಾರ. ಏನೂ ಇಲ್ಲ ಅಂತ ನಗತೀನಿ. ಇನ್ನ ಯಾರ ಮುಂದೂ ಬಾಯಿ ಬಿಡಂಗಿಲ್ರಿ. ಅಷ್ಟ ಹೇಳೂದಿತ್ತು."