ಮಗಳಿಗೆ ಹೇಳಿಕೊಂಡು ಅತ್ತದ್ದು

ಮೊನ್ನೆ ಅಶೋಕಪುರಂನಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಕೊನೆಗೆ ಒಂದು ಚಿಟಿಕೆ ಕಡ್ಡಿಪುಡಿ ಬಾಯಿಗೆ ಹಾಕಿಕೊಂಡರು. ಆ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಅವ್ವ ನೆನಪಾದರು. ಸೀನು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಪಾಪ, ಆ ಹೆಂಗಸು ತನ್ನಿಂದಲೇ ಹೀಗಾಯಿತೆಂದುಕೊಂಡು ಕಿಟಕಿಯ ಕಡೆ ಸರಿದು ಕೂತರು.

ಆಗ ನಾವು ಮಂಡಿ ಮೊಹಲ್ಲಾದ ಒಂದು ವಠಾರದಲ್ಲಿದ್ದೆವು. ನಾನು ಹತ್ತಿರದ ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಅವ್ವ ನಂಜನಗೂಡಿನ ಆಚೆಯ ಒಂದು ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ, ಈರುಳ್ಳಿ ಮಂಡಿಯಲ್ಲಿ ಕೆಲಸಕ್ಕಿದ್ದ ಮಗನ ಜೊತೆ ಬಂದು ನಮ್ಮೆದುರಿನ ಮನೆಯಲ್ಲಿ ಇದ್ದರು. ಇಡೀ ವಠಾರಕ್ಕೇ ಅವರು ಅವ್ವ. ನಾನು ಅವರಿಗೆ ಟೀಚರಮ್ಮ. ಸಂಜೆ ಸ್ಕೂಲಿನಿಂದ ಬಂದರೆ ಜಗಲಿಯ ಮೇಲೆ ರಾಗಿ ಹಸನು ಮಾಡುತ್ತ ಕೂತಿರುತ್ತಿದ್ದರು. ನನ್ನನ್ನು ನೋಡಿ ಮೊರ ಪಕ್ಕಕ್ಕಿಟ್ಟು ಜಾಗ ಮಾಡಿಕೊಡುತ್ತಿದ್ದರು.

ಮಾತಿಗೆ ಕಡಿಮೆಯಿರಲಿಲ್ಲ. ಆದರೆ ಒಂದು ಹಾಡು ಹೇಳಿ ಅಂದರೆ ಮಾತ್ರ, "ನಂಗೆಲ್ಲಿ ಬಂದದು ಟೀಚರಮ್ಮ" ಎಂದು ಎದ್ದುಬಿಡುವರು. ವಠಾರದ ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ಒಂದು ಸೋಬಾನೆಯಾದರೂ ಹೇಳಿ ಎಂದು ಗೋಗರೆದಾಗಲೂ ಬಾಯಿ ಬಿಡಲಿಲ್ಲ. ಅವರ ಊರಿನಿಂದ ಬಂದ ನೆಂಟರೊಬ್ಬರು ಒಮ್ಮೆ ನನ್ನೊಡನೆ ಬೇರೆಯೇ ಹೇಳಿದ್ದರು. ಸುತ್ತಿನ ಹಳ್ಳಿಗಳಲ್ಲಿ ಸಾವಾದರೆ ಮೊದಲು ಇವರಿಗೇ ಹೇಳಿ ಕಳಿಸುತ್ತಿದ್ದರಂತೆ. ಹೆಣದ ಪಕ್ಕ ಕೂತು, ಸತ್ತವರ ಬಾಳನ್ನೆಲ್ಲ ಹಾಡಿನ ಹಾಗೆ ಹೇಳಿಕೊಂಡು ಅಳುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲವಂತೆ. ಮಗಳು ಹೋದ ಮೇಲೆ ನಿಲ್ಲಿಸಿಬಿಟ್ಟರು ಎಂದರು. ಅವ್ವನಿಗೆ ಒಬ್ಬ ಮಗಳಿದ್ದಳೆಂದು ನನಗೆ ಗೊತ್ತಾದದ್ದೇ ಆಗ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೀಗಿರುವಾಗ ನಗರದ ಒಂದು ಸಂಸ್ಥೆಯವರು ಪ್ರದರ್ಶನವೊಂದನ್ನು ಏರ್ಪಡಿಸಿದರು. ಹಳ್ಳಿಗಳ ಹಳೆಯ ಬರಹ, ಹಾಡು, ಕಥೆಗಳನ್ನು ಕೂಡಿಟ್ಟು ಕಾಪಾಡುವುದು ಅವರ ಕೆಲಸ. ಮಕ್ಕಳನ್ನು ಕರೆತನ್ನಿ ಎಂದು ನಮ್ಮ ಸ್ಕೂಲಿಗೂ ಕಾಗದ ಬಂದಿತ್ತು. ಮೊದಲು ನಾನೇ ನೋಡಿ ಬರೋಣವೆಂದು ಭಾನುವಾರ ಹೊರಟೆ. ಮಂಡಿ, ಮನೆ ಬಿಟ್ಟು ಎಲ್ಲಿಗೂ ಹೋಗದ ಅವ್ವನನ್ನೂ ಕರೆದೆ. ಒಳ್ಳೆಯ ಸೀರೆ ಉಟ್ಟುಕೊಂಡು ಬಂದರು.

ದೊಡ್ಡ ಹಳೆಯ ಬಂಗಲೆ. ಗಾಜಿನ ಪೆಟ್ಟಿಗೆಗಳಲ್ಲಿ ಓಲೆಗರಿ, ಊರಿನವರು ಆಡುತ್ತಿದ್ದ ನಾಟಕಗಳ ಕೈಬರಹದ ಪ್ರತಿ, ಬಣ್ಣ ಮಾಸಿದ ಕರಪತ್ರಗಳು, ಕೂಲಿಮಠದ ಫೋಟೋ... ನಾಟಕದ ಪುಸ್ತಕದ ಮುಂದೆ ಅವ್ವ ಬಹಳ ಹೊತ್ತು ನಿಂತರು. "ನಮ್ಮಪ್ಪ ಭೀಮನ ಪಾರ್ಟು ಮಾಡೋನು. ಗದೆ ಎತ್ತಕ್ಕೋಗಿ ಪರದೆನೇ ಕೆಡವ್ಬುಟ್ಟಿದ್ದ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಕೊನೆಯ ಕೋಣೆ ಹಾಡುಗಳದ್ದು. ಗೋಡೆಯ ಮೇಲೆ ಸಾಲಾಗಿ ಹಲಗೆಗಳು, ಒಂದೊಂದರ ಕೆಳಗೂ ಒಂದು ಗುಂಡಿ. ಅಲ್ಲಿದ್ದ ಹುಡುಗಿ, "ಇದು ಬಹಳ ಅಪರೂಪದ್ದು ಮೇಡಂ" ಎಂದು ಒಂದನ್ನು ಒತ್ತಿದಳು. ಹೆಂಗಸೊಬ್ಬರ ದನಿ ಕೋಣೆ ತುಂಬಿತು. ಅಳು, ಅಳುವಿನೊಳಗೇ ರಾಗ, ರಾಗದೊಳಗೇ ಮಾತು. ನನ್ನವ್ವಾ ಎಂದು ಎರಡು ಸಲ ಕರೆದು, ಆಮೇಲೆ ಶುರು.

ಬಾಗ್ಲಿಗೆ ಬಂದೋಳ ಒಳಕ್ಕೆ ಕರೀನಿಲ್ಲ ನನ್ನವ್ವಾ,
ಕಣ್ಣೀರ ಒರೆಸ್ದೆ ಹಿಂದಕ್ಕೆ ಕಳಿಸ್ದೆ ನನ್ನವ್ವಾ...

ಹಲಗೆಯ ಮೇಲೆ ಬರೆದಿದ್ದುದನ್ನು ನಾನು ಓದುತ್ತಿದ್ದೆ. ತವರು ಮತ್ತು ಮಗಳು, ಶೋಕಗೀತೆಯ ಒಂದು ಮಾದರಿ, ಹಾಡಿದವರ ಹೆಸರು ಗೊತ್ತಿಲ್ಲ. ತಿರುಗಿ ನೋಡಿದರೆ ಅವ್ವ ಗೋಡೆಗೆ ಕೈ ಊರಿ ನಿಂತಿದ್ದರು. "ನಿಲ್ಸವ್ವ... ಅದ ನಿಲ್ಸು" ಎಂದರು. ಹುಡುಗಿಗೆ ಕೇಳಿಸಲಿಲ್ಲ. ನಾನೇ ಹೋಗಿ ಗುಂಡಿ ಒತ್ತಿದೆ.

ಹೊರಗೆ ಮರದ ಕೆಳಗಿನ ಕಟ್ಟೆಯ ಮೇಲೆ ಕೂತು, ಆ ದಿನ ಅವ್ವ ನನಗೆ ಎಲ್ಲವನ್ನೂ ಹೇಳಿದರು. ಮಗಳನ್ನು ಪಕ್ಕದ ಹೋಬಳಿಗೆ ಕೊಟ್ಟಿದ್ದರು. ಗಂಡನ ಮನೆಯ ಹೊಡೆತ ತಾಳಲಾರದೆ ಒಂದು ದಿನ ಹುಡುಗಿ ತವರಿಗೆ ನಡೆದುಬಂದಳು. ಬಿಟ್ಟುಬಂದಳೆಂದು ಊರಿನವರು ಆಡಿಕೊಂಡಾರೆಂದು ಅವ್ವ ಹೊಸ್ತಿಲಲ್ಲೇ ಬುದ್ಧಿ ಹೇಳಿ ವಾಪಸು ಕಳಿಸಿದರು. ಅವ್ವನ ಗಂಡ ಹೊಲದಲ್ಲಿದ್ದರು. ಮಗ ಇನ್ನೂ ಚಿಕ್ಕವನು, ಸೋದರಮಾವನ ಮನೆಯಲ್ಲಿದ್ದ. ಹುಡುಗಿ ಬಂದುಹೋದದ್ದು ತಾಯಿಯೊಬ್ಬಳಿಗೇ ಗೊತ್ತು. ಕೆಲವು ದಿನಗಳಲ್ಲೇ ಹುಡುಗಿ ಬಾವಿಗೆ ಬಿದ್ದಳೆಂದು ಸುದ್ದಿ ಬಂತು. ಹೆಣದ ಪಕ್ಕ ಕೂತು, ಮಗಳನ್ನೇ ನನ್ನವ್ವಾ ಎಂದು ಕರೆದು, ಅವ್ವ ಹೇಳಿಕೊಂಡು ಅತ್ತದ್ದು ಅದನ್ನೇ. ಆ ಗೋಳಿನಲ್ಲಿ ಯಾರು ಏನು ಹೇಳಿ ಅತ್ತರೆಂದು ನೆನಪಿಟ್ಟುಕೊಳ್ಳುವವರಿರುವುದಿಲ್ಲ. ಇಟ್ಟುಕೊಂಡರೂ ಆಡುವುದಿಲ್ಲ. ಹಳ್ಳಿಯ ನಡವಳಿಕೆ ಅದು.

"ಅವತ್ತು ಒಬ್ಬ ಯಪ್ಪ ಮಡ್ಲಲ್ಲಿ ಚೀಲ ಮಡಿಕ್ಕಂಡು ಕೂತಿದ್ದ ಟೀಚರಮ್ಮ. ಹಾಡು ಬರ್ಕೊಳಕ್ಕೆ ಊರಿಗೆ ಬಂದಿದ್ನಂತೆ. ನಾನು ಅಳಿಯನ ಕಡೆ ನೆಂಟ ಅನ್ಕಂಡಿದ್ದೆ. ಅವ್ನೂ ಅಳ್ತಾ ಕೂತಿದ್ದ ಕಣಮ್ಮ."

ಚೀಲದಲ್ಲಿ ಟೇಪ್ ರೆಕಾರ್ಡರ್ ಇತ್ತೆಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅದು ಒಂದ್ ಸಲಕ್ಕೆ ಯೋಳದು. ಯೋಳಿ ಅವಳ ಜೊತೆಗೇ ಕಳಿಸ್ಬುಟ್ಟಿದ್ದೆ. ಇವ್ರು ನನ್ ಮಗಳ ಹೋಗಕ್ಕೆ ಬುಟ್ಟಿಲ್ವಲ್ಲ" ಎಂದರು. ಆಮೇಲೆ ಎದ್ದು ನಿಂತರು. "ನಡೀರಿ, ಈಸ್ಕಂಡು ಬರಾಣ."

ಅಲ್ಲಿಯ ಮುಖ್ಯಸ್ಥರು ಕೆಟ್ಟವರಲ್ಲ. ಅದನ್ನು ಈಗಲೂ ಹೇಳುತ್ತೇನೆ. ಕೆಟ್ಟವರಾಗಿದ್ದರೆ ನನಗೆ ಬಯ್ಯುವುದಾದರೂ ಸುಲಭವಾಗುತ್ತಿತ್ತು. ಅವ್ವ ಹೇಳಿದ್ದನ್ನು ಕೇಳಿ ಅವರು ಕುರ್ಚಿಯಿಂದ ಎದ್ದೇ ನಿಂತರು. "ನೀವೇನಾಮ್ಮ ಅದು? ಎಷ್ಟು ಕಾಲದಿಂದ ಹುಡುಕ್ತಾ ಇದೀವಿ ಗೊತ್ತಾ ನಿಮ್ಮನ್ನ" ಎಂದರು. ರೆಕಾರ್ಡು ಮಾಡಿದ ವಿದ್ವಾಂಸರು ತೀರಿಕೊಂಡಿದ್ದರು. ಅವರ ಮನೆಯವರು ಕ್ಯಾಸೆಟ್ಟುಗಳನ್ನೆಲ್ಲ ಈ ಸಂಸ್ಥೆಗೆ ಕೊಟ್ಟಿದ್ದರು. ಈ ಕ್ಯಾಸೆಟ್ಟಿನ ಮೇಲೆ ಊರಿನ ಹೆಸರೂ ಅಳಿಸಿಹೋಗಿತ್ತಂತೆ. ಮುಖ್ಯಸ್ಥರು ಕಾಫಿ ತರಿಸಿದರು. ಹೆಸರೇನಮ್ಮ, ಊರು ಯಾವುದಮ್ಮ, ಗಂಡನ ಹೆಸರೇನಮ್ಮ ಎಂದು ಕೇಳಿದರು. ದೊಡ್ಡವರು ಕೇಳಿದರೆ ಹೇಳಬೇಕಲ್ಲವೆ... ಅವ್ವ ಹೇಳಿದರು. ಹಾಡಿನ ಕೋಣೆಯಲ್ಲಿದ್ದ ಹುಡುಗಿ ಬಂದು ಒಂದು ಫೋಟೋ ತೆಗೆದುಕೊಂಡಳು. ಫೋಟೋಗೆಂದು ಅವ್ವ ಸೆರಗು ಸರಿ ಮಾಡಿಕೊಂಡರು.

ಆಮೇಲೆ ಮುಖ್ಯಸ್ಥರು ಕಂಪ್ಯೂಟರಿನಲ್ಲಿ ಅದೇ ಅಳುವಿನ ಒಂದು ತುಣುಕು ಹಾಕಿದರು. "ಈ ಸಾಲಲ್ಲಿ ಒಂದು ಪದ ನಮಗೆ ಸ್ಪಷ್ಟ ಆಗ್ತಿಲ್ಲ. ಅದೇನು ಅಂತ ಸ್ವಲ್ಪ ಹೇಳ್ತೀರಾಮ್ಮ?"

ಅವ್ವ ನೆಲ ನೋಡುತ್ತ ಕೂತಿದ್ದರು. "ಅದು ಮಾತಲ್ಲ ಸ್ವಾಮಿ. ಉಸ್ರು ಸಿಕ್ಕಂಡಿತ್ತು."

ಅವರು ಅದನ್ನೂ ಬರೆದುಕೊಂಡರು.

"ನಂಗೆ ಅದ ಕೊಟ್ಬುಡಿ ಸ್ವಾಮಿ. ಅದು ನನ್ ಮಗಳಿಗೆ ಅಂತ ಯೋಳಿದ್ದು" ಎಂದು ಅವ್ವ ಮತ್ತೆ ಕೇಳಿದರು. ಮುಖ್ಯಸ್ಥರು ಖಂಡಿತ ಎಂದು ಹೇಳಿ, ಹುಡುಗಿಯ ಕೈಲಿ ಒಂದು ಪೆನ್ ಡ್ರೈವ್ ತರಿಸಿ ಅವ್ವನ ಅಂಗೈಯಲ್ಲಿಟ್ಟರು. ಅವ್ವ ಅದನ್ನು ತಿರುಗಿಸಿ ನೋಡಿದರು.

"ಇದ ತಕ್ಕೊಂಡೋದ್ರೆ ಇಲ್ಲಿರೋದು ಹೋಯ್ತದಾ?"

"ಇಲ್ಲಮ್ಮ, ಅದೆಲ್ಲಿಗೂ ಹೋಗಲ್ಲ. ನೀವು ಹೋದಮೇಲೂ ಇರುತ್ತೆ, ನಾವು ಹೋದಮೇಲೂ ಇರುತ್ತೆ."

ಸಂತೋಷದ ಸುದ್ದಿ ಹೇಳುವವರ ಹಾಗೆ ಹೇಳಿದರು. ಅವ್ವ ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟು, ಕೈ ಮುಗಿದು, ಹೊರಗೆ ನಡೆದರು.

ನಾನು ಇನ್ನೊಮ್ಮೆ ಒಬ್ಬಳೇ ಹೋಗಿ ಮುಖ್ಯಸ್ಥರನ್ನು ಕೇಳಿಕೊಂಡೆ. ಆ ಮಾತುಗಳು ಅವರ ಮನೆಯೊಳಗಿನವು, ತೆಗೆದುಬಿಡಿ ಎಂದೆ. "ಇದು ಅವರೊಬ್ಬರ ದುಃಖ ಅಲ್ಲ ಮೇಡಂ, ಈ ನಾಡಿನ ತಾಯಂದಿರ ದುಃಖ. ನೀವು ಟೀಚರು, ನಿಮಗೆ ನಾನು ಹೇಳಬೇಕಾ" ಎಂದರು. ನಾನು ಚೀಲ ತೆಗೆದುಕೊಂಡು ಎದ್ದುಬಂದೆ. ಉತ್ತರ ಈಗ ತೋಚುತ್ತದೆ. ಅವತ್ತು ಆ ಹೊಸ್ತಿಲಲ್ಲಿ ನಾಡಿನ ತಾಯಂದಿರು ಯಾರೂ ನಿಂತಿರಲಿಲ್ಲ.

ಕೆಲವು ತಿಂಗಳು ಕಳೆದವು. ಸಂಸ್ಥೆಯವರು ತಮ್ಮ ಸಂಗ್ರಹವನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದರು. ಅವ್ವನ ಅಳುವಿನ ಪಕ್ಕದಲ್ಲಿ ಈಗ ಹೆಸರಿತ್ತು, ಊರಿತ್ತು, ಸೆರಗು ಸರಿ ಮಾಡಿಕೊಂಡ ಫೋಟೋ ಇತ್ತು. ಊರಿನ ಯಾರೋ ಅದನ್ನು ನೋಡಿ ಹೆಮ್ಮೆಯಿಂದ ಹತ್ತು ಜನಕ್ಕೆ ಕಳಿಸಿದರು. ಫೋನಿನಿಂದ ಫೋನಿಗೆ ದಾಟುತ್ತ ಅದು ಈರುಳ್ಳಿ ಮಂಡಿಗೂ ಬಂತು. "ನಿಮ್ಮವ್ವ ಹಾಡವ್ರೆ ನೋಡ್ಲಾ" ಎಂದು ಜೊತೆಯವನೊಬ್ಬ ಮಗನ ಕೈಗೆ ಫೋನು ಕೊಟ್ಟನಂತೆ.

ಅವನು ಮಧ್ಯಾಹ್ನವೇ ಮನೆಗೆ ಬಂದ. ನನಗೆ ಅವತ್ತು ರಜೆ, ಜಗಲಿಯಲ್ಲಿ ಅವ್ವನ ಪಕ್ಕದಲ್ಲೇ ಕೂತಿದ್ದೆ. ಚಪ್ಪಲಿಯನ್ನೂ ಬಿಡದೆ ನಿಂತು, "ಅಕ್ಕ ಬಂದಿದ್ಲಾ?" ಎಂದು ಕೇಳಿದ.

ಅವ್ವ ಮೊರ ಕೆಳಗಿಟ್ಟರು. "ಬಂದಿದ್ಲು ಕಣಪ್ಪ."

"ನೀನೇ ಕಳಿಸ್ದಾ?"

"ಊಂ."

ಅವನು ಬಯ್ಯಲಿಲ್ಲ, ಕೂಗಾಡಲಿಲ್ಲ. ಒಳಗೆ ಹೋಗಿ ನೀರು ಕುಡಿದು ಮತ್ತೆ ಮಂಡಿಗೆ ಹೋದ. ಆ ದಿನದಿಂದ ತಾಯಿಯೊಡನೆ ಮಾತು ಬಿಟ್ಟ. ತಟ್ಟೆಗೆ ಊಟ ಹಾಕಿಕೊಡುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಎಲೆ ಅಡಿಕೆ ತಂದು ಜಗಲಿಯ ಮೇಲಿಡುವುದು, ಯಾವುದಕ್ಕೂ ಲೋಪವಿರಲಿಲ್ಲ. ಮಾತೊಂದಿರಲಿಲ್ಲ. ಅಕ್ಕ ಅವನನ್ನು ಎತ್ತಿ ಬೆಳೆಸಿದವಳಂತೆ. ನಾನು ಒಮ್ಮೆ ಬುದ್ಧಿ ಹೇಳಲು ಹೋದಾಗ ಅವ್ವನೇ ತಡೆದರು. "ಬುಡಿ ಟೀಚರಮ್ಮ. ಅವಂದೇನು ತಪ್ಪಿಲ್ಲ" ಎಂದರು. ಬರಬರುತ್ತ ಅವರು ನನ್ನ ಹತ್ತಿರವೂ ಮಾತು ಕಡಿಮೆ ಮಾಡಿದರು. ಹೀಗೇ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅವ್ವ ಏಳಲಿಲ್ಲ.

ಮಣ್ಣು ಮಾಡಲು ಊರಿಗೆ ತೆಗೆದುಕೊಂಡು ಹೋದರು. ನಾನೂ ವ್ಯಾನಿನಲ್ಲಿ ಹೋಗಿದ್ದೆ. ಚಪ್ಪರದ ಕೆಳಗೆ ಊರಿನ ಹೆಂಗಸರೆಲ್ಲ ಹೆಣದ ಸುತ್ತ ಕೂತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು, ಆದರೆ ಒಬ್ಬರೂ ಬಾಯಿ ತೆರೆಯಲಿಲ್ಲ. ಅಷ್ಟು ಸದ್ದಿಲ್ಲದ ಸಾವಿನ ಮನೆಯನ್ನು ನಾನು ಹಳ್ಳಿಯಲ್ಲಿ ನೋಡಿರಲಿಲ್ಲ. ಯಾಕೆ ಯಾರೂ ಹೇಳಿಕೊಂಡು ಅಳುತ್ತಿಲ್ಲ ಎಂದು ಪಕ್ಕದಲ್ಲಿದ್ದ ಮುದುಕಿಯನ್ನು ಮೆಲ್ಲಗೆ ಕೇಳಿದೆ.

"ಅದೆಲ್ಲ ಬುಟ್ಬುಟ್ರು ಕಣವ್ವ. ಯಾರ ಕೈಲಿ ಏನಿರ್ತದೋ ಎಂಗೆ ಗೊತ್ತಾದದು?" ಎಂದು ಆಕೆ ಸುತ್ತ ನಿಂತಿದ್ದ ಗಂಡಸರ ಕಡೆ ಕಣ್ಣು ತಿರುಗಿಸಿದರು. ಒಬ್ಬಿಬ್ಬರ ಕೈಯಲ್ಲಿ ನಿಜಕ್ಕೂ ಫೋನಿತ್ತು.

ಎಷ್ಟೋ ಊರುಗಳ ಸಾವಿಗೆ ದನಿ ಕೊಟ್ಟ ಹೆಂಗಸು ಹಾಗೆ ಹೋದರು. ಅಂಥ ಹಾಡು ಅಳಿದುಹೋಗಬಾರದೆಂದು ಬಂಗಲೆಯಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ. ಅವರ ಊರಲ್ಲಂತೂ ಅದು ನಿಂತೇಹೋಯಿತು. ಹೀಗಾಯಿತೆಂದು ನಾನು ಸಂಸ್ಥೆಗೆ ಕಾಗದ ಬರೆದೆ. ತಮ್ಮ ಕೆಲಸದಲ್ಲಿ ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದ ಎಂದು ಉತ್ತರ ಬಂತು.

ಅವ್ವನ ಹೆಸರನ್ನು ನಾನಿಲ್ಲಿ ಬರೆದಿಲ್ಲ. ಬೇಕಾದವರಿಗೆ ಅದು ಅಲ್ಲಿ ಸಿಗುತ್ತದೆ. ನನ್ನ ಕೈಯಿಂದ ಬೇಡ.

ಬಸ್ಸಿನಲ್ಲಿ ಆ ಘಾಟು ಬಂದ ದಿನ ಮನೆಗೆ ಹೋಗಲು ಮನಸ್ಸಾಗದೆ ಮಂಡಿ ಮೊಹಲ್ಲಾಕ್ಕೆ ನಡೆದೆ. ವಠಾರ ಈಗಿಲ್ಲ. ಅವ್ವನ ಮಗ ಅದೇ ಮಂಡಿಯಲ್ಲಿದ್ದಾನೆ, ತಲೆ ನರೆತಿದೆ. ಮೂಟೆಯ ಮೇಲೆ ಗೋಣಿ ಹಾಸಿ ನನ್ನನ್ನು ಕೂರಿಸಿ ಟೀ ತರಿಸಿದ. ಅವ್ವನ ಅಳುವನ್ನು ಇಂಟರ್ನೆಟ್ಟಿನಿಂದ ತೆಗೆಸಲು ವಕೀಲರನ್ನು ಕೇಳೋಣವೇ ಎಂದೆ.

ಅವನು ಟೀ ಲೋಟ ಕೆಳಗಿಟ್ಟ. "ಬ್ಯಾಡಿ ಟೀಚರಮ್ಮ. ಅವ್ವನ ದನಿ ಅಂತ ನನ್ ತಾವ ಇನ್ನೇನೈತೆ? ಅವಾಗವಾಗ ಹಾಕ್ಕಂಡು ಕೇಳ್ತೀನಿ. ಬಾಗ್ಲು ಅನ್ನೋ ಮಾತು ಬರಗಂಟ ಕೇಳ್ತೀನಿ... ಆಮೇಕೆ ನಿಲ್ಲಿಸ್ಬುಡ್ತೀನಿ."

ಆ ಮಾತಿಗೆ ಮುಂಚೆ ಅದರಲ್ಲಿ ಎಷ್ಟಿದೆ ಎಂದು ನನಗೆ ಗೊತ್ತು. ಮಗಳನ್ನು ಎರಡು ಸಲ ಕರೆಯುತ್ತಾರೆ, ಅಷ್ಟೆ.