ದಂಡಿನ ಊರಿನಲ್ಲಿ ಬಾಣಂತಿ ಹೊಗೆ

ಪರದೇಶದಲ್ಲಿ ಹುಟ್ಟಿ, ತಾಯಿ ಜೋಡಿ ನನ್ನ ಸಂಗಡ ಊರಿಗೆ ಬಂದ ನನ್ನ ಮೊಮ್ಮಗಳು ಮೊನ್ನೆ ಸೋಮವಾರ ಹೊಸ್ತಿಲು ದಾಟಿದಳು. ಪಡಸಾಲಿಯಿಂದ ತಾನೇ ಅಂಬೆಗಾಲಿಟ್ಟು ಕಟ್ಟೆಗೆ ಬಂದು, ಕುಸ್ತಿ ಗೆದ್ದ ಪೈಲವಾನನ ಹಾಗೆ ತಲೆ ಎತ್ತಿ ಓಣಿ ನೋಡಿದಳು. ನಾನು ಆವತ್ತೇ ಹೋಳಿಗೆ ಮಾಡಿ ಹಂಚಿದೆ. ಹೋಳಿಗೆ ತಿನ್ನಲು ಬಂದವರು ಕೂಸಿನ ಮುಖ ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಾರೆ. "ಆ ದಂಡಿನವ್ರ ದೇಶದಾಗ ಹೆಂಗ ಉಳದು ಬಂದಿ ಬೇ, ಹೇಳು" ಅನ್ನುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ಸೋತಿಲ್ಲ, ಕೇಳಿ ಕೇಳಿ ನಮ್ಮ ಮನೆಯವರ ಕಿವಿ ಸೋತಿವೆ. "ಬರದಿಡು, ಮಂದಿ ಓದ್ಕೊಳ್ಲಿ, ನನಗ ಸ್ವಲ್ಪ ನಿದ್ದಿ ಬರ್ತದ" ಅಂದರು. ನಾನು ಕಲಿತದ್ದು ಮೂರನೆಯ ಇಯತ್ತೆ. ಅಕ್ಷರ ಸೊಟ್ಟ ಬಿದ್ದರೂ ಸುದ್ದಿ ನೆಟ್ಟಗೇ ಇದೆ.

ನನ್ನ ಮಗಳನ್ನು ನನ್ನ ಬೆನ್ನಿಗೆ ಬಿದ್ದ ತಮ್ಮನಿಗೇ ಕೊಟ್ಟದ್ದು. ಅವನು ಮಾಸ್ತರಿಕೆ ಕಲಿತು, ಇಥಿಯೋಪಿಯಾ ದೇಶದಲ್ಲಿ ಗಣಿತ ಕಲಿಸುವ ನೌಕರಿ ಹಿಡಿದ. ಹೋದಾಗ ಅಲ್ಲಿ ರಾಜ ಇದ್ದ. ಆಮೇಲೆ ದಂಡಿನವರು ರಾಜನನ್ನು ಇಳಿಸಿ ತಾವೇ ಕುಂತರು. ಅಂಥಾದ್ದರಲ್ಲಿ ಮಗಳು ಬಸುರಾದಳು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು, ಆದರೆ ವಿಮಾನದಲ್ಲಿ ಕೂಡಿಸಬೇಡಿ ಅಂತ ಅಲ್ಲಿನ ಡಾಕ್ಟರರು ಹೇಳಿದ್ದರು. ಮಗಳು ತವರಿಗೆ ಬರಲಾರದೇ ಇದ್ದರೆ ತವರೇ ಎದ್ದು ಮಗಳ ಕಡೆ ಹೋಗಬೇಕು.

"ಅಲ್ಲಿ ಹಾಡಾಹಗಲ ಗುಂಡು ಹಾರಸ್ತಾರಂತ" ಅಂದರು ನಮ್ಮ ಮನೆಯವರು.

"ಹಾರಸ್ಲಿ ಬಿಡ್ರಿ. ಬಾಣಂತಿಗೆ ಎಣ್ಣಿ ಹಚ್ಚವ್ರು ಯಾರು? ದಂಡಿನವ್ರು ಹಚ್ತಾರೇನು?"

"ಅಣ್ಣಿಗೇರಿಗೆ ತವರಮನಿಗೆ ಹೋಗೂ ಮುಂದ ರೈಲು ಹತ್ತಾಕ ನಿನಗ ನನ್ನ ಕೈ ಬೇಕು."

"ವಿಮಾನಕ್ಕ ನಿಚ್ಚಣಿಕಿ ಇರ್ತದಂತ್ರಿ."

ಒಂದು ದಿನ ಅವರೇ ಯಮನೂರಿಗೆ ಹೋಗಿ, ದರ್ಗಾದ ಮುಂದಿನ ಅಂಗಡಿಯಿಂದ ಕೂಸಿನ ಹೊಗೆಗೆ ಅಂತ ಲೋಬಾನ ತಂದುಕೊಟ್ಟರು. ನಾನು ಬಾಣಂತಿಗೆ ಅಂಟಿನುಂಡಿ ಕಟ್ಟಿದೆ. ಅಳವಿ, ಅಜವಾನ, ಬಜಿ, ಬಾಣಂತನದ ಮದ್ದೆಲ್ಲ ಟ್ರಂಕಿಗೆ ತುಂಬಿದೆ. ಸೂಟಿಗೆ ಬಂದು ತಿರುಗಿ ಹೊಂಟಿದ್ದ ಇನ್ನೊಬ್ಬ ಮಾಸ್ತರರ ಕುಟುಂಬದ ಜೋಡಿ ನಮ್ಮೂರು ಕುಬಿಹಾಳ ಬಿಟ್ಟೆ.

ವಿಮಾನ ಇಳಿದು ಮನೆ ಮುಟ್ಟುವುದರೊಳಗೆ ತಮ್ಮ ನನಗೆ ಪಾಠ ಮಾಡಿ ಮುಗಿಸಿದ್ದ.

"ಅಕ್ಕಾ, ಕರ್ಫ್ಯೂ ಆದ ಮ್ಯಾಲೆ ಹೊಸ್ತಿಲ ದಾಟಬ್ಯಾಡ. ದಂಡಿನವ್ರು ತಡದ್ರ ಓಡಬ್ಯಾಡ, ಕೈ ಕಾಣುವಂಗ ಇಟ್ಟು ನಿಂದರು. ರಾಜಾನ ಸುದ್ದಿ, ಸರಕಾರದ ಸುದ್ದಿ ಬಾಯಾಗ ತರಬ್ಯಾಡ. ಪಾಸ್‌ಪೋರ್ಟ್ ಸೊಂಟದಾಗ ಇರ್ಲಿ, ಸಂಡಾಸಕ್ಕ ಹೋದ್ರೂ. ಮತ್ತ, ಮನಿಯಾಗ ಒಂದು ತುಂಡು ಕಾಗದ ಸುಡಬ್ಯಾಡ."

"ಕಾಗದ ನಾ ಯಾಕ ಸುಡ್ಲೋ?"

"ಸರಕಾರದ ವಿರುದ್ಧ ಅಚ್ಚು ಹಾಕಿದ ಚೀಟಿ ಹುಡುಕಾಕ ಮನಿ ಮನಿ ಝಡತಿ ಮಾಡ್ತಾರ. ಚೀಟಿ ಇದ್ದವ್ರು ಗಡಬಡಿಸಿ ಸುಡ್ತಾರ. ಅಂಥಾ ಮನಿ ಗಂಡಸರನ್ನ ಎಬ್ಬಿಸ್ಕೊಂಡು ಹೋಗ್ತಾರ. ನನ್ನ ಕಡೆ ಕಲಿಯೂ ಇಬ್ಬರು ಹುಡುಗ್ರು ಹೋದವ್ರು ಇನ್ನೂ ಬಂದಿಲ್ಲ."

ಅದನ್ನು ಹೇಳುವಾಗ ಅವನ ದನಿ ಸಣ್ಣದಾಯಿತು. ನಾನು ಗಾಬರಿಯಾಗುತ್ತೇನೆ ಅಂತ ಅವನು ತಿಳಿದಿದ್ದ. ಅವನಿಗೇನು ಗೊತ್ತು, ನಾನು ಹದಿನಾಲ್ಕಕ್ಕೆ ಸೊಸೆಯಾಗಿ ಬಂದವಳು. ಹೆಣ್ಣಾದವಳಿಗೆ ಪರದೇಶ ಹೊಸದಲ್ಲ. ಮೊದಲ ವರ್ಷ ಬಾಯಿ ಮುಚ್ಚಿ ಕಣ್ಣು ತೆರೆದಿಡಬೇಕು, ಯಾರು ಎಲ್ಲಿ ಕೂಡುತ್ತಾರೆ, ಯಾವ ಮಾತಿಗೆ ಯಾರ ಹುಬ್ಬು ಏರುತ್ತದೆ ಅಂತ ನೋಡಿಕೊಳ್ಳಬೇಕು, ಮತ್ತೆ ಬಾಜೂ ಮನೆಯ ಮುದುಕಿಯನ್ನು ಮೊದಲು ಒಲಿಸಿಕೊಳ್ಳಬೇಕು. ನಾನು ಅದನ್ನೇ ಮಾಡಿದೆ. ಬಾಜೂ ಮನೆಯಲ್ಲಿ ನನ್ನ ವಯಸ್ಸಿನವಳೇ ಒಬ್ಬಾಕೆ ಇದ್ದಳು. ಬೆಳಿಗ್ಗೆ ಕಂಡಾಗ ಅಲ್ಲಿಯವರ ಹಾಗೆ "ಸೆಲಾಮ್" ಅಂದೆ. ದರ್ಗಾದ ಕಡೆ ಕೇಳಿ ಕೇಳಿ ನನ್ನ ನಾಲಿಗೆಗೆ ಅದು ಮೊದಲೇ ಕೂತಿತ್ತು. ಆಕೆ ನನ್ನ ಎರಡೂ ಗಲ್ಲಕ್ಕೆ ಮುತ್ತು ಕೊಟ್ಟಳು. ನಾನು ಒಂದು ಅಂಟಿನುಂಡಿ ಕೊಟ್ಟೆ. ಭಾಷೆ ಒಂದಕ್ಷರ ಗೊತ್ತಿಲ್ಲದೆ ನಾವಿಬ್ಬರೂ ಸೊಸೆಯಂದಿರನ್ನು ಬೈದುಕೊಂಡಿದ್ದೇವೆ ಅಂದರೆ ನಂಬುತ್ತೀರಾ? ನನಗೆ ಸೊಸೆಯೇ ಇಲ್ಲ, ಆದರೂ ಬೈದೆ.

ನನ್ನ ಬಂಗಾರದಂಥ ಮೊಮ್ಮಗಳು ದವಾಖಾನೆಯಲ್ಲಿ ಹಗಲೇ ಹುಟ್ಟಿದಳು, ಕರ್ಫ್ಯೂಗೆ ಇನ್ನೂ ಬೇಕಾದಷ್ಟು ಹೊತ್ತಿರುವಾಗ. ಅಂಥಾ ಶಾಣ್ಯಾಕಿ ಆಕೆ.

ಮನೆಗೆ ಕರೆತಂದ ಮೇಲೆ ದಿನಾ ಮುಂಜಾನೆ ತಾಯಿ-ಕೂಸಿಗೆ ಎಣ್ಣೆ ಹಚ್ಚಿ ಎರೆದು, ಹಿತ್ತಲ ಕಡೆಯ ಕೋಣೆಯಲ್ಲಿ ಹೊಗೆ ಕೊಡುತ್ತಿದ್ದೆ. ಆ ಊರು ಬೆಟ್ಟದ ಮೇಲಿನದು, ಥಂಡಿ ಭಾಳ. ಒಂದು ದಿನ ಬಿಸಿಲು ಬೀಳಲಿ ಅಂತ ಅಗ್ಗಿಷ್ಟಿಗೆಯನ್ನು ರಸ್ತೆ ಕಡೆಯ ಕೋಣೆಗೆ ತಂದೆ. ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ ಉದುರಿಸಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಮಗಳ ಹಸಿ ಕೂದಲು ಹರವಿದೆ. ಆವತ್ತು ಸಾಲಿಗೆ ಸೂಟಿ. ತಮ್ಮ ಬಾಗಿಲಲ್ಲಿ ನಿಂತಿದ್ದವನು ಒಳಗೆ ಓಡಿ ಬಂದ.

"ಅಕ್ಕಾ, ಓಣಿ ತುದಿಗೆ ಝಡತಿ ಬಂದದ. ನಮ್ಮ ಕಿಡಕಿ ಹೊಗಿ ನೋಡಿ ಕೈ ಮಾಡಿ ತೋರಸಾಕತ್ತಾರ. ನೀರು ಹೊಯ್ಯಿ."

"ಕಾಗದ ಎಲ್ಲಿ ಸುಟ್ಟೀನೋ ನಾ?"

"ಹೊಗಿ ಮ್ಯಾಲೆ ಹೆಸರು ಬರದಿರ್ತದೇನು? ಹೊಯ್ಯಿ ನೀರು."

ಅವನೇ ತಂಬಿಗೆ ಎತ್ತಿದ. ನಾನು ಕೈ ಹಿಡಿದೆ. ಗಡಬಡಿಸಿ ಮುಚ್ಚಿದ ಗಡಿಗೆಯನ್ನೇ ಅತ್ತೆ ಮೊದಲು ತೆರೆದು ನೋಡುತ್ತಾಳೆ. ಇದನ್ನು ಯಾವ ಸೊಸೆಗೂ ಹೇಳಿಕೊಡಬೇಕಿಲ್ಲ.

"ಹಸೀ ಬೂದಿ ಕಂಡ್ರ ಕಾಗದನ ಸುಟ್ಟಾರ ಅಂತಾರ. ಇದ್ದದ್ದು ಇದ್ದಂಗ ಇರ್ಲಿ. ಬಾಗಲಾ ತಗದಿಡು. ಕೈ ಕಾಣುವಂಗ ಇಟ್ಟು ನಿಂದರು, ನೀನ ಕಲಿಸಿದ್ದು."

ಮೂವರು ಬಂದರು. ಇಬ್ಬರು ಹರೆಯದವರು, ಒಬ್ಬ ಕುಡಿಮೀಸೆ ನರೆತ ಹಿರಿಯ. ಹರೆಯದವನೊಬ್ಬ ತಮ್ಮನನ್ನು ಗೋಡೆಗೆ ಒತ್ತಿ ಎದೆಗೆ ಬಂದೂಕು ಹಿಡಿದ. ಹಿರಿಯ ಏನೋ ಗದರಿಸಿ ಕೇಳಿದ. ಅವರ ಭಾಷೆ ಬಲ್ಲ ನನ್ನ ತಮ್ಮನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಹಿರಿಯ ಬುಟ್ಟಿ ಎತ್ತಿದ, ಮಗಳ ಕೂದಲು ಅವನ ಬೂಟಿನ ಮೇಲೆ ಬಿತ್ತು. ಅವನು ಬೆಚ್ಚಿ ಹಿಂದೆ ಸರಿದು, ಕೋಲಿನಿಂದ ಕೆಂಡ ಕೆದಕತೊಡಗಿದ.

ಕೂಸು ನನ್ನ ಕೈಯಲ್ಲೇ ಇತ್ತು. ದಿನಾ ಮಾಡುವ ಹಾಗೇ ಒಂದು ಚಿಟಿಕೆ ಲೋಬಾನ ಕೆಂಡಕ್ಕೆ ಹಾಕಿ, ಕೂಸನ್ನು ಹೊಗೆಯ ಮೇಲೆ ಇತ್ತಿಂದತ್ತ ಆಡಿಸಿದೆ. ಕೂಸು ಸೀನಿತು. ಹಿರಿಯನ ಕೋಲು ನಿಂತಿತು. ಮೂಗು ಅರಳಿಸಿದ. ನಾನು ಅಜವಾನ ತಗೊಂಡು ಮೊದಲು ನನ್ನ ಬಾಯಿಗೆ ಹಾಕಿಕೊಂಡೆ, ಆಮೇಲೆ ಅಂಗೈ ಅವನ ಮುಂದೆ ಹಿಡಿದೆ. ಅವನು ತಿಕ್ಕಿ ಮೂಸಿ, ಎರಡು ಕಾಳು ಬಾಯಿಗೆ ಹಾಕಿಕೊಂಡ. ಅವರ ಅಡಿಗೆಯಲ್ಲೂ ಅದು ಬೀಳುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. "ಎಮಾಮಾ" ಅಂದ, ಅವರಲ್ಲಿ ಹಿರೇ ಹೆಂಗಸರಿಗೆ ಹಾಗೆ ಅನ್ನುತ್ತಾರೆ.

ಅಷ್ಟರಲ್ಲಿ ಬಾಜೂ ಮನೆಯಾಕೆ ಕಾಫಿ ಹುರಿಯುವ ಹಂಚು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಬಂದವಳೇ ಶುರು ಮಾಡಿದಳು. ಏನಂದಳು ಅಂತ ತಮ್ಮ ನನಗೆ ಆಮೇಲೆ ಹೇಳಿದ. "ಬಾಣಂತಿ ಕೋಣೆಗೆ ಬೂಟು ಹಾಕಿಕೊಂಡು ಹೊಕ್ಕಿದ್ದೀರಲ್ಲ, ನಿಮ್ಮನ್ನು ನಿಮ್ಮ ತಾಯಿ ಹೊಲದಲ್ಲಿ ಹೆತ್ತಳೇನು? ಇದು ಕೂಸಿನ ಹೊಗೆ. ದಿನಾ ಹಿತ್ತಲಲ್ಲಿ ಹಾಕುತ್ತಾಳೆ, ನನ್ನ ಮನೆಗೂ ಬರುತ್ತದೆ."

ಹಿರಿಯ ತನ್ನ ಬೂಟು ನೋಡಿಕೊಂಡ. ಒಂದೊಂದೇ ಹೆಜ್ಜೆ ಹಿಂದೆ ಇಟ್ಟು ಹೊಸ್ತಿಲಾಚೆ ನಿಂತ. ಅಲ್ಲಿಂದ ಹರೆಯದವನಿಗೆ ಏನೋ ಅಂದ, ಬಂದೂಕು ತಮ್ಮನ ಎದೆಯಿಂದ ಇಳಿಯಿತು. ಹರೆಯದವರು ಕಪಾಟಿನ ಪುಸ್ತಕ ಅಷ್ಟೂ ಜಾಡಿಸಿ ನೋಡಿದರು, ಬರೀ ಲೆಕ್ಕ. ಹೋದರು.

ತಮ್ಮ ಗೋಡೆಗುಂಟ ಜಾರಿ ನೆಲಕ್ಕೆ ಕುಂತ. ಆಮೇಲೆ ಮಗಳು, "ಯವ್ವಾ, ನನ್ನ ಕೂದಲ ಇನ್ನೂ ಹಸೀನ ಅದ" ಅಂದಳು. ನಾವು ನಕ್ಕದ್ದು ನಕ್ಕದ್ದೇ. ಬಾಜೂ ಮನೆಯಾಕೆ ತಿಳಿಯದಿದ್ದರೂ ನಮಗಿಂತ ಹೆಚ್ಚು ನಕ್ಕಳು.

"ನಾಳಿಯಿಂದ ಹೊಗಿ ಬ್ಯಾಡಕ್ಕಾ" ಅಂದ ತಮ್ಮ.

"ನಾಳೆ ನಿಲ್ಲಿಸಿದ್ರ, ಇವತ್ತೇನು ಸುಟ್ಟಿದ್ರು ಅಂತ ಕೇಳ್ತಾರ. ನಾಳೆನೂ ಇದ ಹೊತ್ತಿಗೆ, ಇದ ಕಿಡಕಿ ತಗದು."

ಹಾಗೇ ಮಾಡಿದೆ. ಮರುದಿನ ಮೂಲೆಯ ಪಹರೆಯವರು ಹೊಗೆ ಕಂಡು ಕತ್ತು ಎತ್ತಿದರು, ನಕ್ಕು ಸುಮ್ಮನಾದರು. ಆ ಹೊತ್ತಿಗೇ ತಮ್ಮ ಸಾಲಿಗೆ ಹೊಂಟ. ಪಹರೆ ದಾಟುವಾಗ ಅವನ ಬೆನ್ನು ಬಿಗಿದದ್ದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಅವರು ತಡೆಯಲಿಲ್ಲ. ದಿನವೆಲ್ಲ ನಾನೂ ಮಗಳೂ ಒಬ್ಬರಿಗೊಬ್ಬರು ಹೇಳದೆ ಬಾಗಿಲು ಕಾದೆವು.

ಕರ್ಫ್ಯೂಗೆ ಮೊದಲೇ ಬಂದ. ಕೈಕಾಲು ತೊಳೆದು ಕೂಸನ್ನು ಎತ್ತಿಕೊಂಡು ನೆತ್ತಿ ಮೂಸಿದ.

"ಲೋಬಾನ ಅಗದಿ ಘಮ್ ಅಂತದಕ್ಕಾ" ಅಂದ.

"ಹೌದೇನೋ? ನಿನ್ನಿ ತಂಬಿಗಿ ಹಿಡಕೊಂಡು ಓಡಾಡಾಕತ್ತಿದ್ದ ಮಾಸ್ತರ ಯಾರಪಾ ಮತ್ತ?" ಅಂದೆ.