ಎರಡನೆಯ ಪರೀಕ್ಷೆ

"ನಂದು ಆವಾಗೇ ಆರಾಮ ಆಗ್ಯದ್ರಿ ಮೇಡಂ, ಇಂಜೆಕ್ಷನ್ ಮಾಡಿಸ್ಕೊಂಡೀನಿ," ಎಂದು ಆತ ಪಿಸುಗುಟ್ಟಿದ. ಹಲಸೂರಿನ ರಕ್ತನಿಧಿಯೊಂದರಲ್ಲಿ ನಾನು ಆಪ್ತಸಮಾಲೋಚಕಿ. ನಾದಿನಿಯ ಹೆರಿಗೆಗೆಂದು ಆತನೂ ಹೆಂಡತಿಯೂ ಕೊಟ್ಟ ರಕ್ತ ಎರಡೂ ಸಿಫಿಲಿಸ್ ಎಂಬ ಲೈಂಗಿಕ ಸೋಂಕಿನ ಪರೀಕ್ಷೆಯಲ್ಲಿ ಪಾಸಿಟಿವ್ ಬಂದಿದ್ದವು. ಆ ಪರೀಕ್ಷೆ ಎಂದೋ ವಾಸಿಯಾದ ಸೋಂಕನ್ನೂ ತೋರಿಸುತ್ತದೆ. ಹಾಗಾಗಿ, ಚಿಕಿತ್ಸೆಯ ನಂತರ ಸಾಮಾನ್ಯವಾಗಿ ನೆಗೆಟಿವ್ ಆಗುವ ಎರಡನೆಯ ಪರೀಕ್ಷೆಯನ್ನೂ ಮಾಡಿಸಿದ್ದೆವು. ಅದರಲ್ಲಿ ಆತನದು ನೆಗೆಟಿವ್. ಅವಳದು ಮಾತ್ರ ಮತ್ತೆ ಪಾಸಿಟಿವ್.

"ಹೆಂಡ್ತಿಗೂ ಇಂಜೆಕ್ಷನ್ ಕೊಡಿಸ್ಬೇಕಿತ್ತಲ್ಲಾ ರೀ?" ಎಂದೆ. ಆತ ಬಾಗಿಲ ಕಡೆ ನೋಡಿ, "ಆಕಿಗೆ ಹೇಳೇ ಇಲ್ರಿ," ಎಂದ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅವಳು ನನ್ನನ್ನು ಕಂಡೊಡನೆ ಎದ್ದು ನಿಂತಳು. "ಅವ್ರಿಗೇನೂ ಆಗಿಲ್ಲಲ್ರಿ ಮೇಡಂ?"

"ಇಲ್ಲಮ್ಮ," ಎಂದು ಅವಳನ್ನು ಒಳಗೆ ಕರೆದೆ. ಆ ಒಂದು 'ಇಲ್ಲ'ದಷ್ಟು ಕಹಿಯಾದ ನಿಜವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.